ಕೆಳಕ್ಕೆ ಇಳಿದ ಲೆಕ್ಕವನ್ನು ಅಡ್ಡಕ್ಕೆ ತಿರುಗಿಸುವುದು ಹೇಗೆ?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಬರೆಯುವ ಗುಮಾಸ್ತರಿರಲಿ, ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವ ಹುಡುಗರಿರಲಿ, ಬರುವ ಬೇಡಿಕೆ ಒಂದೇ. “ತಾರೀಖು ಕೆಳಗ ಬರ್ಲಿ, ತಳಿ ಅಡ್ಡಕ ಬರ್ಲಿ, ಒಂದ ಹಾಳ್ಯಾಗ ಎಲ್ಲಾ ಕಾಣ್ಬೇಕು ನೋಡ್ರಿ” ಅಂತಾರೆ ಸಾವಕಾರರು. ಡೇಟಾಬೇಸಿನಲ್ಲಿ ಮಾತ್ರ ಲೆಕ್ಕ ಒಂದರ ಕೆಳಗೊಂದು ಇಳಿದಿರುತ್ತದೆ. ಆಗ ಜಾಸ್ತಿ ಜನ ಮಾಡುವುದೇನು? ಎಲ್ಲವನ್ನೂ ಎಕ್ಸೆಲ್‌ಗೆ ಸುರಿದು, ಕೈಯಲ್ಲೇ ಕಟ್ ಮಾಡಿ ಪೇಸ್ಟ್ ಮಾಡುತ್ತಾ ಕೂರುತ್ತಾರೆ. ಸಂಜೆ ಮತ್ತೊಂದು ಲಾಟ್ ಸೇರಿತೋ, ಮತ್ತೆ ಮೊದಲಿಂದ ಶುರು.

ಒಂದೇ ಸಲಕ್ಕೆ ಬೇಕಿದ್ದರೆ ಎಕ್ಸೆಲ್‌ನ ಪಿವಟ್ ಟೇಬಲ್ ಸಾಕು, ಈ ಲೇಖನ ಓದುವುದೇ ಬೇಡ. ದಿನಾ ಬೇಕೆಂದರೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಬರೆದಿಡಿ. ಇಲ್ಲಿ ಕ್ವೆರಿಯನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನೀವು ಎಂದಿನಂತೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ.

ಹಂತ 1: ಕೀಬೋರ್ಡ್ ಮುಟ್ಟುವ ಮೊದಲು ಬೇಕಾದ ಪಟ್ಟಿಯನ್ನು ಪೆನ್ನಿನಲ್ಲಿ ಗೀಚಿಕೊಳ್ಳಿ. ಅದರಲ್ಲಿ ಒಂದು ಸಾಲು ಎಂದರೆ ಏನು? ಒಂದು ದಿನವೋ, ಒಂದು ಅಂಗಡಿಯೋ, ಒಂದು ದಿನದ ಒಂದು ಅಂಗಡಿಯೋ? ಇದಕ್ಕೆ ಉತ್ತರ ಇಲ್ಲದೆ ಬರೆದ ಕ್ವೆರಿ ಕೆಡುವುದು ಗ್ಯಾರಂಟಿ. ನಮ್ಮ ಉದಾಹರಣೆಯಲ್ಲಿ ಒಂದು ಸಾಲು ಎಂದರೆ ಒಂದು ದಿನ.

‘ಆವಕ’ ಎಂಬ ಟೇಬಲ್ಲಿನಲ್ಲಿ ದಿನಾಂಕ, ತಳಿ, ಚೀಲ, ದರ ಎಂಬ ಕಾಲಂಗಳಿವೆ ಎಂದುಕೊಳ್ಳಿ. ಡಬ್ಬಿ, ಕಡ್ಡಿ, ಗುಂಟೂರು ಮೆಣಸಿನಕಾಯಿ ತಳಿಗಳು. ಅಂಕಿಗಳು ಸುಮ್ನೆ ವಿವರಣೆಗೆ ಇಟ್ಟುಕೊಂಡವು. ಸೋಮವಾರ ಡಬ್ಬಿ 40 ಚೀಲ, ಕಡ್ಡಿ 65, ಗುಂಟೂರು 20, ಆಮೇಲೆ ಬಂದ ಇನ್ನೊಂದು ಲಾಟ್ ಡಬ್ಬಿ 15. ಗುರುವಾರ ಡಬ್ಬಿ 30, ಕಡ್ಡಿ 50. ಒಟ್ಟು ಆರು ಸಾಲು.

ಹಂತ 2: ಎಡವುವುದು ಇಲ್ಲೇ, ಆದ್ದರಿಂದ ನಿಧಾನ. ಮೊದಲು ಕೂಡಿಸಲು ಹೋಗಬೇಡಿ. ಬರೀ ಹರಡಿ. ಕೇಸ್ ಎಂದರೆ ‘ತಳಿ ಇದಾದರೆ ಚೀಲದ ಅಂಕಿ ಬರೆ’ ಎನ್ನುವ ಷರತ್ತು:

ಸೆಲೆಕ್ಟ್ ದಿನಾಂಕ,
ಕೇಸ್ ವೆನ್ ತಳಿ = 'ಡಬ್ಬಿ' ದೆನ್ ಚೀಲ ಎಂಡ್ ಆ್ಯಸ್ ಡಬ್ಬಿ,
ಕೇಸ್ ವೆನ್ ತಳಿ = 'ಕಡ್ಡಿ' ದೆನ್ ಚೀಲ ಎಂಡ್ ಆ್ಯಸ್ ಕಡ್ಡಿ,
ಕೇಸ್ ವೆನ್ ತಳಿ = 'ಗುಂಟೂರು' ದೆನ್ ಚೀಲ ಎಂಡ್ ಆ್ಯಸ್ ಗುಂಟೂರು
ಫ್ರಮ್ ಆವಕ

ಓಡಿಸಿ ನೋಡಿ. ಈಗಲೂ ಆರೇ ಸಾಲು. ಪ್ರತಿ ಸಾಲಿನಲ್ಲಿ ಒಂದೇ ಮನೆ ತುಂಬಿದೆ, ಉಳಿದೆರಡು ನಲ್, ಅಂದರೆ ಏನೂ ಇಲ್ಲದ ಖಾಲಿ ಮನೆ. ಅಂಕಿಗಳು ಮೆಟ್ಟಿಲಿನ ಹಾಗೆ ಓರೆಯಾಗಿ ಇಳಿಯುತ್ತವೆ. ಇದನ್ನು ಕಣ್ಣಾರೆ ನೋಡಿದವರಿಗೆ ಮುಂದಿನದು ತಾನಾಗಿ ಹೊಳೆಯುತ್ತದೆ. ನೋಡದೆ ಹಾರಿದವರು ಮುಂದೆ ತಪ್ಪು ಬಂದಾಗ ಎಲ್ಲಿ ಹುಡುಕಬೇಕೆಂದು ತಿಳಿಯದೆ ಒದ್ದಾಡುತ್ತಾರೆ.

ಈಗ ಒಂದೊಂದು ಕೇಸ್‌ಗೂ ಸಮ್ ತೊಡಿಸಿ: ಸಮ್(ಕೇಸ್ ವೆನ್ ತಳಿ = 'ಡಬ್ಬಿ' ದೆನ್ ಚೀಲ ಎಂಡ್) ಆ್ಯಸ್ ಡಬ್ಬಿ. ಕೊನೆಗೆ ‘ಗ್ರೂಪ್ ಬೈ ದಿನಾಂಕ’ ಸೇರಿಸಿ. ಸಮ್ ನಲ್‌ಗಳನ್ನು ಬಿಟ್ಟು ಉಳಿದದ್ದನ್ನು ಕೂಡಿಸುತ್ತದೆ. ಸೋಮವಾರದ ನಾಲ್ಕು ಸಾಲು ಒಂದಾಗಿ 55, 65, 20 ಬರುತ್ತದೆ. ಗುರುವಾರ 30, 50, ಗುಂಟೂರು ಖಾಲಿ. ಆ ಖಾಲಿ ಜಾಗಕ್ಕೆ ಸೊನ್ನೆಯೇ ಬೇಕೆಂದರೆ ಸಮ್‌ನ ಹೊರಗಡೆ, ನಲ್ ಬದಲು ಬೇರೆ ಅಂಕಿ ಕೊಡುವ ಕೋಅಲೆಸ್ ಹಾಕಿ: ಕೋಅಲೆಸ್(ಸಮ್(…), 0).

ಸಮ್ ಬದಲು ಮ್ಯಾಕ್ಸ್ (ಎಲ್ಲಕ್ಕಿಂತ ದೊಡ್ಡ ಅಂಕಿ) ಹಾಕಿದ ಕ್ವೆರಿಗಳನ್ನು ಜನ ಕಣ್ಣುಮುಚ್ಚಿ ಕಾಪಿ ಮಾಡುತ್ತಾರೆ. ಮ್ಯಾಕ್ಸ್ ಹಾಕಿದರೆ ಸೋಮವಾರದ ಡಬ್ಬಿ 40 ಅಂತ ಬರುತ್ತದೆ, 15 ಚೀಲ ಮಾಯ. ಎರರ್ ಏನೂ ಬರುವುದಿಲ್ಲ, ಅದೇ ಅಪಾಯ. “ಡೇಟಾ ಹಾಕಿ, ಕ್ವೆರಿ ಪಡೆಯಿರಿ” ಎನ್ನುವ ಪುಕ್ಕಟೆ ಸೈಟುಗಳ ಸಹವಾಸವೂ ಬೇಡ. ಸಾವಕಾರರ ದರದ ಪಟ್ಟಿಯನ್ನು ಯಾರದೋ ಸರ್ವರಿಗೆ ಕೊಡುವುದು ಯಾವ ಶಾಣ್ಯಾತನ?

ಇನ್ನೊಂದು ತಪ್ಪು ಪದೇ ಪದೇ ಕಾಣುತ್ತೇನೆ. ಸೆಲೆಕ್ಟ್‌ನಲ್ಲಿ ತಳಿ ಕಾಲಂ ಹಾಗೇ ಉಳಿದಿರುತ್ತದೆ. ತಳಿ ಗ್ರೂಪ್ ಬೈನಲ್ಲಿಲ್ಲ ಎಂದು ಹೆಚ್ಚಿನ ಡೇಟಾಬೇಸ್‌ಗಳು ತಕರಾರು ಮಾಡುತ್ತವೆ. ಎರರ್ ಹೋದರೆ ಸಾಕೆಂದು ಅಲ್ಲಿಗೆ ತಳಿಯನ್ನೂ ಸೇರಿಸುತ್ತಾರೆ. ಎರರ್ ಹೋಯಿತು, ಮೆಟ್ಟಿಲು ವಾಪಸ್ ಬಂತು! ತೆಗೆಯಬೇಕಾದದ್ದು ಸೆಲೆಕ್ಟ್‌ನಿಂದ. ಗ್ರೂಪ್ ಬೈನಲ್ಲಿ ಇರಬೇಕಾದದ್ದು ಹಂತ 1ರಲ್ಲಿ ಪೆನ್ನಿನಲ್ಲಿ ಬರೆದದ್ದು ಮಾತ್ರ.

ಹಂತ 3: ದರದ ಸರಾಸರಿ ಬೇಕಾದರೆ ಕೇಸ್‌ನಲ್ಲಿ ‘ಎಲ್ಸ್ 0’ (ತಳಿ ಬೇರೆಯಾದರೆ ಸೊನ್ನೆ) ಎಂದು ಬರೆಯಲೇಬೇಡಿ. ಸೋಮವಾರದ ಎರಡು ಡಬ್ಬಿ ಲಾಟ್‌ಗಳ ದರ ಕ್ವಿಂಟಲಿಗೆ 30,000 ಮತ್ತು 34,000 ರೂಪಾಯಿ ಎಂದುಕೊಳ್ಳಿ. ಸರಾಸರಿ ತೆಗೆಯುವ ಎವಿಜಿ 32,000 ಕೊಡಬೇಕು. ಎಲ್ಸ್ 0 ಹಾಕಿದರೆ ಕಡ್ಡಿ, ಗುಂಟೂರಿನ ಸಾಲುಗಳೂ ಸೊನ್ನೆಯಾಗಿ ಲೆಕ್ಕಕ್ಕೆ ಬಂದು 16,000 ಆಗುತ್ತದೆ. ಕೌಂಟ್ ಕಥೆಯೂ ಅಷ್ಟೇ, ಅದು ಸೊನ್ನೆಯನ್ನೂ ಎಣಿಸುತ್ತದೆ. ಇನ್ನು ವ್ಯಾಪಾರಸ್ಥರು 32,000ವನ್ನೂ ಒಪ್ಪುವುದಿಲ್ಲ. 40 ಚೀಲ ಒಂದು ದರಕ್ಕೆ, 15 ಚೀಲ ಇನ್ನೊಂದು ದರಕ್ಕೆ ಹೋಗಿದೆ ಅಲ್ವಾ? ಚೀಲದ ತೂಕ ಒಂದೇ ಎಂದಿಟ್ಟುಕೊಂಡರೂ ಸರಿಯಾದ ಸರಾಸರಿ ಸುಮಾರು 31,091. ಹಾಗಾಗಿ ದರ × ಚೀಲದ ಸಮ್ ಅನ್ನು ಚೀಲದ ಸಮ್‌ನಿಂದ ಭಾಗಿಸಿ. ಎರಡರ ಒಳಗೂ ಅದೇ ಕೇಸ್ ಇರಲಿ.

ಹಂತ 4: “ಪಿವಟ್ ಅಂತ ಒಂದು ಕಮಾಂಡೇ ಇದೆಯಲ್ಲ?” ಇದೆ. ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸಿನಲ್ಲಿ 2005ರ ಆವೃತ್ತಿಯಿಂದ, ಒರಾಕಲ್‌ನಲ್ಲಿ 11ಜಿಯಿಂದ. ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್‌ಗಳಲ್ಲಿ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್‌ಫಂಕ್ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಇಂಥದ್ದೇ ಕೆಲಸದ ಕ್ರಾಸ್‌ಟ್ಯಾಬ್ ಸಿಗುತ್ತದೆ. ನಾನಂತೂ ಕೇಸ್ ಬಿಟ್ಟು ಬೇರೆ ಬಳಸಿ ಎನ್ನುವುದಿಲ್ಲ, ಅದು ಎಲ್ಲ ಕಡೆ ನಡೆಯುತ್ತದೆ. ಪಿವಟ್‌ನಲ್ಲಿ ನೀವು ಹೆಸರಿಸದ ಕಾಲಂಗಳೆಲ್ಲ ಗುಟ್ಟಾಗಿ ಗ್ರೂಪಿಗೆ ಸೇರಿಕೊಳ್ಳುತ್ತವೆ. ಬಿಲ್ ನಂಬರ್ ಒಂದು ಉಳಿದಿದ್ದರೂ ಒಂದೊಂದು ಬಿಲ್ಲಿಗೆ ಒಂದೊಂದು ಸಾಲು. ಬಳಸಲೇಬೇಕಾದರೆ ಬೇಕಾದ ಮೂರು ಕಾಲಂ ಮಾತ್ರ ಇರುವ ಒಳಕ್ವೆರಿ ಮಾಡಿ, ಅದರ ಮೇಲೆ ಪಿವಟ್ ಹಾಕಿ.

ಹಂತ 5: ಹೊಸ ತಳಿ ಬಂದರೆ? ಕಾಲಂಗಳ ಹೆಸರು ಕ್ವೆರಿ ಓಡುವ ಮೊದಲೇ ಗೊತ್ತಿರಬೇಕು, ಅವು ತಾವಾಗಿ ಹುಟ್ಟಿಕೊಳ್ಳುವುದಿಲ್ಲ. ತಳಿಗಳ ಪಟ್ಟಿಯಿಂದ ಕ್ವೆರಿಯನ್ನೇ ಅಕ್ಷರ ಅಕ್ಷರವಾಗಿ ಕಟ್ಟಿ ಓಡಿಸಬಹುದು. ಮೈಎಸ್‌ಕ್ಯೂಎಲ್‌ನಲ್ಲಿ, ಹಲವು ಸಾಲುಗಳ ಅಕ್ಷರ ಜೋಡಿಸುವ ಗ್ರೂಪ್ ಕಾನ್ಕ್ಯಾಟ್‌ನಿಂದ ಕಟ್ಟುವವರು ನೆನಪಿಡಿ, ಅದರ ಮಿತಿ ಮೊದಲಿಗೆ 1024 ಬೈಟ್ ಮಾತ್ರ. ಕನ್ನಡದ ಒಂದು ಅಕ್ಷರಕ್ಕೇ ಮೂರು ಬೈಟ್ ಅಥವಾ ಜಾಸ್ತಿ ಬೇಕು. ಮಿತಿ ಏರಿಸದಿದ್ದರೆ ಕ್ವೆರಿ ನಡುವೆಯೇ ತುಂಡಾಗುತ್ತದೆ.

ಮೂರು ನಾಲ್ಕು ತಳಿಗೆ ಇಷ್ಟೆಲ್ಲ ಸರ್ಕಸ್ ಯಾಕೆ? ಕೈಯಲ್ಲೇ ಬರೆದು, ಕೊನೆಗೆ ಎರಡು ಕಾಲಂ ಸೇರಿಸಿ. ಒಂದು ‘ಇತರೆ’, ಅದರ ಕೇಸ್‌ನಲ್ಲಿ ‘ತಳಿ ನಾಟ್ ಇನ್’ ಎಂದು ಮೇಲಿನ ಹೆಸರುಗಳು. ಇನ್ನೊಂದು ಬರೀ ಸಮ್(ಚೀಲ), ಅಂದರೆ ‘ಒಟ್ಟು’. ಇತರೆಯಲ್ಲಿ ಅಂಕಿ ಕಂಡರೆ ಹೊಸ ತಳಿ ಬಂದಿರಬೇಕು, ಇಲ್ಲವೇ ಯಾರೋ ‘ಬ್ಯಾಡಗಿ ಡಬ್ಬಿ’ ಅಂತಲೋ, ಹೆಸರಿನ ಮುಂದೆ ಒಂದು ಸ್ಪೇಸ್ ಬಿಟ್ಟೋ ಟೈಪ್ ಮಾಡಿರಬೇಕು. ಇತರೆಯೂ ಸೇರಿ ಕೂಡಿದರೆ ಒಟ್ಟಿಗೆ ತಾಳೆಯಾಗುತ್ತಿಲ್ಲವೇ? ತಳಿಯ ಮನೆಯನ್ನೇ ಖಾಲಿ ಬಿಟ್ಟ ಸಾಲು ಹುಡುಕಿ. ನಲ್ ಇದ್ದ ಸಾಲು ನಾಟ್ ಇನ್ ಕೈಗೆ ಸಿಗುವುದಿಲ್ಲ.