ಪಗ್ ಮಿಲ್‌ಗೆ ಹಾಕುವ ಮಣ್ಣು, ಅದರಿಂದ ಬರುವ ಮಣ್ಣು

ಮಣ್ಣನ್ನು ಕಾಲಲ್ಲಿ ತುಳಿಯುವಾಗ ಹರಳು ಸಿಕ್ಕರೆ ಪಾದಕ್ಕೆ ಗೊತ್ತಾಗುತ್ತದೆ, ಎತ್ತಿ ಎಸೆಯುತ್ತೇವೆ. ಮಣ್ಣು ಕಲೆಸುವ ಯಂತ್ರವಾದ ಪಗ್ ಮಿಲ್‌ಗೆ ಅದು ತಿಳಿಯದು. ಹಾಕಿದ್ದನ್ನೆಲ್ಲ ಕಲೆಸಿ, ಒತ್ತಿ, ಬಾಯಿಂದ ಕಂಬದಂತೆ ಹೊರಗೆ ತಳ್ಳುತ್ತದೆ. ಹಾಗಾಗಿ ಕಸ ತೆಗೆಯುವ ಕೆಲಸ ಸ್ವಿಚ್ ಹಾಕುವ ಮೊದಲೇ ಮುಗಿದಿರಬೇಕು.

ಕೆರೆಮಣ್ಣಿನಲ್ಲಿ ಕಲ್ಲಿಗಿಂತ ಹೆಚ್ಚು ಕಾಡುವುದು ಸುಣ್ಣದ ಹರಳು ಮತ್ತು ಬಸವನಹುಳುವಿನ ಚಿಪ್ಪಿನ ಚೂರು. ಆವಿಗೆಯಲ್ಲಿ ಅವು ಬೆಂದು ಸುಟ್ಟ ಸುಣ್ಣವಾಗುತ್ತವೆ. ಮಡಕೆ ತಣ್ಣಗಾದ ಮೇಲೆ ಗಾಳಿಯ ತೇವ ಹೀರಿ ಉಬ್ಬುತ್ತವೆ, ಕೆಲವು ದಿನಗಳಲ್ಲಿ ಮೈಮೇಲಿನ ಚಕ್ಕೆ ಎದ್ದುಹೋಗುತ್ತದೆ. ಆ ಗುಂಡಿಯ ತಳದಲ್ಲಿ ಬಿಳಿ ಚುಕ್ಕೆ ಕಂಡರೆ ಕಾರಣ ಸುಣ್ಣವೇ. ಒಣಮಣ್ಣನ್ನು ಒಂದೆರಡು ದಿನ ನೆನೆಹಾಕಿ, ಬ್ಲಂಜರ್‌ನಲ್ಲಿ (ಮಣ್ಣು, ನೀರು ಕಲಕುವ ಯಂತ್ರ) ತಿರುಗಿಸಿ, ಆ ತೆಳು ರಾಡಿಯನ್ನು 60 ಮೆಶ್ (ಇಂಚಿಗೆ 60 ಕಣ್ಣಿನ) ಜರಡಿಯಲ್ಲಿ ಸೋಸಿ. ಆಮೇಲೆ ನೀರು ಇಂಗಿಸಿ ಗಟ್ಟಿ ಮಾಡಿಕೊಳ್ಳಿ. ಪ್ಲಾಸ್ಟರ್ ಹಲಗೆಯ ಮೇಲೆ ಇಂಗಿಸುವುದಾದರೆ ಪ್ಲಾಸ್ಟರ್ ಚೂರು ಮಣ್ಣಿಗೆ ಸೇರದಂತೆ ನೋಡಿಕೊಳ್ಳಿ. ಅದೂ ಸುಣ್ಣದಷ್ಟೇ ಹಾನಿ ಮಾಡುತ್ತದೆ.

ತಿಗರಿಗೆ ಹಾಕುವ ಮಣ್ಣಿನ ತೂಕದಲ್ಲಿ ನೂರಕ್ಕೆ 20ರಿಂದ 25 ಭಾಗ ನೀರಿರಬೇಕು. 100 ಕೆಜಿ ಹದಮಣ್ಣಿಗೆ 78 ಕೆಜಿ ಒಣಮಣ್ಣು, 22 ಲೀಟರ್ ನೀರು ಎಂದು ಶುರು ಮಾಡಿ, ನಿಮ್ಮ ಮಣ್ಣಿಗೆ ತಕ್ಕಂತೆ ಸರಿಪಡಿಸಿ. ಪೆನ್ಸಿಲ್ ದಪ್ಪದ ಎಳೆ ಹೊಸೆದು ಬೆರಳಿಗೆ ಸುತ್ತಿದಾಗ ಬಿರುಕು ಬಿಡಬಾರದು, ಬೆರಳಿಗೆ ಅಂಟಲೂಬಾರದು. ಮಣ್ಣು ತೀರಾ ಗಟ್ಟಿಯಿದ್ದರೆ ಮೋಟಾರ್ ಏದುತ್ತದೆ. ತೀರಾ ಮೆತ್ತಗಿದ್ದರೆ ಒಳಗೆ ಮಣ್ಣು ತಳ್ಳುವ ಸ್ಕ್ರೂ ಜೊತೆಗೇ ಸುತ್ತುತ್ತದೆ, ಮುಂದೆ ಹೋಗುವುದಿಲ್ಲ.

ಮೂರು ಫೇಸ್ ಮೋಟಾರ್ ಆದರೆ ಮೊದಲ ದಿನ ತಿರುಗುವ ದಿಕ್ಕು ನೋಡಿ. ಮಣ್ಣು ಬಾಯಿಯತ್ತ ಹೋಗದೆ ಹಾಪರ್‌ಗೆ (ಮಣ್ಣು ಹಾಕುವ ತೊಟ್ಟಿ) ವಾಪಸ್ ಬರುತ್ತಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿಸಿ. ಪಂಪ್‌ಸೆಟ್‌ಗೆ ಹಾಕುವಂತೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸಲೇಬೇಕು, ಒಂದು ಫೇಸ್ ಹೋದರೆ ಮೋಟಾರ್ ಸುಡುತ್ತದೆ. ಅರ್ಥಿಂಗ್ ಇಲ್ಲದೆ ಒದ್ದೆ ಕೈಯಲ್ಲಿ ಈ ಯಂತ್ರದ ಹತ್ತಿರ ಹೋಗಬೇಡಿ. ಹಾಪರ್‌ನಲ್ಲಿ ಮಣ್ಣು ಸಿಕ್ಕಿಕೊಂಡರೆ ಕೈ ಹಾಕಬೇಡಿ: ಮೇನ್ ಸ್ವಿಚ್ ಆರಿಸಿ, ಆಮೇಲೆ ಮರದ ಕೋಲಿನಿಂದ ಬಿಡಿಸಿ.

ಗಾಳಿ ತೆಗೆಯುವ ಮಿಲ್ ಆದರೆ ಬಾಯಿಯ ತುಂಬ ಮಣ್ಣು ಬರುವವರೆಗೆ ವ್ಯಾಕ್ಯೂಮ್ ಪಂಪ್ ಹಾಕಬೇಡಿ. ಬಾಯಲ್ಲೂ ಹಾಪರ್ ಕಡೆಯಲ್ಲೂ ತುಂಬಿದ ಮಣ್ಣೇ ಬಿರಡೆ. ಎರಡರಲ್ಲಿ ಒಂದು ಖಾಲಿಯಿದ್ದರೂ ವ್ಯಾಕ್ಯೂಮ್ ಗೇಜಿನ ಮುಳ್ಳು ಏರದು. ಇನ್ನೊಂದು ಮಾತು: ಮಂಗಳೂರಿನಲ್ಲಿ ಗೇಜ್ 700 ಮಿಲಿಮೀಟರ್ (ಪಾದರಸದ ಅಳತೆ) ತೋರಿಸಿದರೆ ಒಳ್ಳೆಯದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ವಾಯುಭಾರವೇ ಸುಮಾರು 680 ಮಿಲಿಮೀಟರ್. ಎಂಥ ಪಂಪ್ ತಂದರೂ ಅದನ್ನು ದಾಟದು. ಅಲ್ಲಿ 620 ಬಂದರೆ ಮಂಗಳೂರಿನ 700ಕ್ಕೆ ಸಮ, ಎರಡೂ ಆಯಾ ಊರಿನ ವಾಯುಭಾರಕ್ಕಿಂತ ಸುಮಾರು 60 ಕಡಿಮೆ. ಇದು ಗೊತ್ತಿಲ್ಲದೆ ಸರಿಯಿರುವ ಪಂಪನ್ನು ರಿಪೇರಿಗೆ ಕಳಿಸಬೇಡಿ. ಪಂಪಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಮಾತ್ರ ತೇವ ಸೇರಿದೆ ಎಂದರ್ಥ, ಎಣ್ಣೆ ಬದಲಿಸಿ.

ಬಂದ ಮಣ್ಣಿನ ಕಂಬವನ್ನು ತಂತಿಯಲ್ಲಿ ಕೊಯ್ದು ನೋಡಿ. ಸಣ್ಣ ಸಣ್ಣ ತೂತು ಕಂಡರೆ ಗಾಳಿ ಉಳಿದಿದೆ. ಬರಿಯ ಕಣ್ಣಿಗೆ ಕಾಣದ ದೋಷವೂ ಒಂದಿದೆ. ಸ್ಕ್ರೂ ಮಣ್ಣನ್ನು ತಿರುಚುತ್ತಾ ತಳ್ಳುವುದರಿಂದ ಕಂಬದೊಳಗೆ ಸುರುಳಿಯಂಥ ಪದರ ಉಳಿಯುತ್ತದೆ. ಅಡ್ಡಕ್ಕೆ ಒಂದು ಸೆಂಟಿಮೀಟರ್ ಬಿಲ್ಲೆ ಕೊಯ್ದು ಒಣಗಿಸಿ. ಬಿರುಕು ಬಿಟ್ಟರೆ ಆ ಸುರುಳಿಯ ದಾರಿಯಲ್ಲೇ ಬಿಡುತ್ತದೆ. ಇಂಥ ಬಿಲ್ಲೆಯನ್ನೇ ತಟ್ಟಿ ತಟ್ಟೆ ಮಾಡಲು ಹೋಗಬೇಡಿ. ಗಾಳಿ ತೆಗೆದ ಮಣ್ಣಾದರೂ ತಿಗರಿಗೆ ಹಾಕುವ ಮೊದಲು ಇಪ್ಪತ್ತು ಸಲ ಕೈಯಲ್ಲಿ ಮಿದಿಯಬೇಕು. ಯಂತ್ರವಿದೆಯೆಂದು ಇದನ್ನು ಬಿಡುವುದು ತಪ್ಪು. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಎರಡು ವಾರ ಇಟ್ಟರೆ ಮಣ್ಣು ಇನ್ನೂ ಹದಕ್ಕೆ ಬರುತ್ತದೆ.

ಕೆಲಸ ಮುಗಿದ ಮೇಲೆ ಬಾಯಿಗೆ ಒದ್ದೆ ಬಟ್ಟೆ ಒತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿದು ಕಟ್ಟಿ. ಹಾಪರ್ ಮುಚ್ಚಿ. ಒಳಗೆ ಮಣ್ಣನ್ನು ಚೂರು ಮಾಡುವ ಜಾಲರಿಯ ಮೇಲೆ ಮಣ್ಣು ಒಣಗಿದರೆ ಮುಂದಿನ ಸಲ ಗಟ್ಟಿ ಚೂರುಗಳಾಗಿ ಬರುತ್ತದೆ, ಗೋಡೆ ಎತ್ತುವಾಗ ಬೆರಳಿಗೆ ತಗುಲಿ ಮಡಕೆ ಹರಿಯುತ್ತದೆ. ನೆಲಕ್ಕೆ ಬಿದ್ದ ಮಣ್ಣನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ದೂಳಿನ ಸಿಲಿಕಾ ಶ್ವಾಸಕೋಶ ಕೆಡಿಸುತ್ತದೆ.

ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರ ಸಶಕ್ತೀಕರಣದಂಥ ಯೋಜನೆಗಳಲ್ಲಿ ಪಗ್ ಮಿಲ್ ಗುಂಪಿಗೆ ಬರುತ್ತದೆ. ಹಲವರ ಮಣ್ಣು ಒಂದೇ ಮಿಲ್‌ನಲ್ಲಿ ಹೋಗುವಾಗ ಕೆಂಪು ಮಣ್ಣಿಗೆ ಒಂದು ದಿನ, ಬಿಳಿ ಮಣ್ಣಿಗೆ ಇನ್ನೊಂದು ದಿನ ಎಂದು ಗೊತ್ತುಮಾಡಿಕೊಳ್ಳಿ. ಮಧ್ಯೆ ಬಿಚ್ಚಿ ತೊಳೆಯಲೇಬೇಕು. ಕಬ್ಬಿಣದ ಸಿಲಿಂಡರ್ ಇರುವ ಮಿಲ್‌ನಲ್ಲಿ ಪೋರ್ಸಲೀನ್ ಹಾಕಿದರೆ ತುಕ್ಕಿನ ಚುಕ್ಕೆ ಬೀಳುತ್ತದೆ, ಅದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬೇಕು.

ಸ್ಕ್ರೂ ಅಂಚಿಗೂ ಸಿಲಿಂಡರ್ ಗೋಡೆಗೂ ನಡುವಿನ ಸಂದನ್ನು ಯಂತ್ರ ಹೊಸದಿದ್ದಾಗಲೇ ಅಳೆದು ಗೋಡೆಯ ಮೇಲೆ ಬರೆದಿಡಿ. ಮರಳು ಉಜ್ಜಿ ಅಂಚು ಸವೆದಂತೆ ಮಣ್ಣು ಆ ಸಂದಿಯಲ್ಲಿ ಹಿಂದೆ ಜಾರುತ್ತದೆ, ಗಂಟೆಗೆ ಬರುವ ಮಣ್ಣು ಇಳಿಯುತ್ತದೆ, ಸಿಲಿಂಡರ್ ಬಿಸಿಯಾಗುತ್ತದೆ. ಸಂದು ಮೊದಲಿನ ಎರಡರಷ್ಟಾದಾಗ ಸ್ಕ್ರೂ ಬಿಚ್ಚಿಸಿ, ಅಂಚಿಗೆ ಗಟ್ಟಿ ಲೋಹದ ವೆಲ್ಡಿಂಗ್ ತುಂಬಿಸಿ ಮೊದಲಿನ ಅಳತೆಗೆ ಉಜ್ಜಿಸಿ.