‘ರಿಲಕ್ಟಂಟ್’ ಅನ್ನೋ ಕಡೆ ‘ಹೆಸಿಟಂಟ್’ ಅಂತ ಬರೆದು ಸಿಕ್ಕಿಬಿದ್ದೆ

ಚಿಕ್ಕಮಗಳೂರಿನ ಒಂದು ಸಣ್ಣ ಕಾಫಿ ವ್ಯಾಪಾರದ ಆಫೀಸಲ್ಲಿ ಪತ್ರ, ಮೇಲ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಕನ್ನಡದಲ್ಲಿ ಕೇಳಿಸಿಕೊಂಡಿದ್ದನ್ನು ಇಂಗ್ಲಿಷಲ್ಲಿ ಬರೆಯೋದು, ಹೆಚ್ಚುಕಡಿಮೆ ಅಷ್ಟೇ ಕೆಲಸ.

ಒಂದು ಸಲ ರೇಟು ಇಳಿದಿತ್ತು. ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಫೋನಲ್ಲಿ, “ಈ ರೇಟಿಗೆ ಕೊಡೋಕೆ ಮನಸ್ಸೇ ಬರ್ತಿಲ್ಲ ಮಾರಾಯ್ರೆ, ಪಾರ್ಚ್‌ಮೆಂಟ್ ಗೋಡೌನಲ್ಲೇ ಇರ್ಲಿ ಬಿಡಿ” ಅಂದರು. (ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ, ಒಳಹೊಟ್ಟು ಇನ್ನೂ ಇರುವ ಕಾಫಿ ಬೀಜ.) ನಾನು ಅದನ್ನು ತಲೆಯಲ್ಲೇ ‘ಹಿಂಜರಿಕೆ’ ಮಾಡಿಕೊಂಡು, ಖರೀದಿದಾರರಿಗೆ ‘ಹೆಸಿಟಂಟ್ ಟು ಸೆಲ್’ ಅಂತ ಬರೆದು ಕಳಿಸಿದೆ. ಸಂಜೆ ಉತ್ತರ ಬಂತು. ಅವರಿಗೆ ಏನು ಡೌಟು, ದುಡ್ಡು ಬರುತ್ತೋ ಇಲ್ಲವೋ ಅಂತಾನಾ, ಬೇಕಾದರೆ ಅಡ್ವಾನ್ಸ್ ಹಾಕುತ್ತೇವೆ ಅಂತ.

ಡೌಟು ಯಾರಿಗಿತ್ತು? ಆ ಮನುಷ್ಯನಿಗೆ 50 ಕೆಜಿ ಮೂಟೆಗೆ ಎಷ್ಟು ಬರಬೇಕು ಅನ್ನೋದು ಚೆನ್ನಾಗಿ ಗೊತ್ತಿತ್ತು, ಅಷ್ಟು ಬರುತ್ತಿಲ್ಲ ಅಂತ ಮನಸ್ಸು ಒಪ್ಪುತ್ತಿರಲಿಲ್ಲ, ಅಷ್ಟೇ. ಹೆಸಿಟಂಟ್ ಅಂದರೆ ಮಾಡಲೋ ಬೇಡವೋ ಅಂತ ಮೀನಮೇಷ ಎಣಿಸೋದು. ರಿಲಕ್ಟಂಟ್ ಅಂದರೆ ಇಷ್ಟವಿಲ್ಲ, ಆದರೂ ಕೊನೆಗೆ ಮಾಡಿದರೂ ಮಾಡಬಹುದು. ನಾವು ಎರಡಕ್ಕೂ ಹಿಂಜರಿಕೆ ಅಂದುಬಿಡುತ್ತೇವೆ, ಎಡವಟ್ಟು ಆಗೋದೇ ಅಲ್ಲಿ. ರಿಲಕ್ಟಂಟ್‌ಗೆ ಸರಿಯಾದ ಮಾತು ‘ಒಲ್ಲದ ಮನಸ್ಸು’. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅಂತಾರಲ್ವಾ, ಆ ಒಲ್ಲದ. ಗಾದೆಯಲ್ಲಿ ಸಿಟ್ಟು ಸ್ವಲ್ಪ ಜಾಸ್ತಿ, ಇಂಗ್ಲಿಷ್ ಪದದಲ್ಲಿ ಅಷ್ಟಿಲ್ಲ.

ಆಮೇಲೆ ಸುಮ್ನೆ ಹುಡುಕಿದಾಗ ರಿಲಕ್ಟಂಟ್ ಪದದ ಮೂಲ ಸಿಕ್ಕಿತು. ಲ್ಯಾಟಿನ್‌ನಲ್ಲಿ ‘ಲುಕ್ತಾರಿ’ ಅಂದರೆ ಕುಸ್ತಿ ಆಡು, ಅದರ ಮೊದಲಿಗೆ ‘ರೆ’ ಸೇರಿದರೆ ಎದುರು ನಿಂತು ಸೆಣಸು. 1888ರಲ್ಲಿ ಆಲಿವರ್ ಹೆವಿಸೈಡ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಇದೇ ಪದವನ್ನು ಅಯಸ್ಕಾಂತಕ್ಕೂ ತಂದ. ಕಾಂತದ ಹರಿವಿಗೆ ಕಬ್ಬಿಣ ಸಲೀಸಾಗಿ ದಾರಿ ಬಿಡುತ್ತೆ, ಗಾಳಿ ಬಿಡೋಕೆ ಸತಾಯಿಸುತ್ತೆ, ಆ ಸತಾಯಿಸೋದೇ ರಿಲಕ್ಟೆನ್ಸ್. ಬಿಡೋದೇ ಇಲ್ಲ ಅಂತಲ್ಲ, ಗಮನಿಸಿ. ನಮ್ಮ ಬೆಳೆಗಾರರ ಕಥೆಯೂ ಅದೇ.

ಇನ್ನೊಂದು ಸಲ ಸ್ವಲ್ಪ ಗತ್ತಿರಲಿ ಅಂತ ‘ಲೋತ್ ಟು ಸೆಲ್’ (ಲೋತ್ ಅಂದರೂ ಒಲ್ಲದ ಮನಸ್ಸೇ) ಬರೆಯೋಕೆ ಹೋಗಿ ಲೋತ್ ಕೊನೆಗೆ ಒಂದು ಇ ಅಕ್ಷರ ಸೇರಿಸಿಬಿಟ್ಟೆ. ಇ ಸೇರಿದರೆ ಅದು ‘ಲೋದ್’, ಅಂದರೆ ಕಂಡರಾಗದಷ್ಟು ದ್ವೇಷ! ಅವತ್ತಿಂದ ಆ ಪದದ ಸಹವಾಸ ಬಿಟ್ಟಿದ್ದೇನೆ. ‘ಅವರ್ಸ್’ ಕೂಡ ಬಳಸಲ್ಲ. ಅದು ಸ್ವಭಾವದಲ್ಲೇ ಆಗಿಬರದ ವಿಷಯಕ್ಕೆ ಸರಿ, ಒಂದು ದಿನದ ರೇಟಿಗಲ್ಲ. ಅದೂ ಅಲ್ಲದೆ ಅವರ್ಸ್ ಆದಮೇಲೆ ‘ಟು ಸೆಲ್ಲಿಂಗ್’ ಬರಬೇಕು, ರಿಲಕ್ಟಂಟ್ ಆದಮೇಲೆ ಬರೀ ‘ಟು ಸೆಲ್’. ನಾನು ಇವೆರಡನ್ನೂ ಕಲಸಿ ಎಷ್ಟು ಮೇಲ್ ಕಳಿಸಿದ್ದೇನೋ.

ಆ ಬೆಳೆಗಾರರ ವಿಷಯಕ್ಕೆ ತಿದ್ದಿ ಇನ್ನೊಂದು ಮೇಲ್ ಹಾಕಿದೆ: ರಿಲಕ್ಟಂಟ್ ಟು ಸೆಲ್ ಅಟ್ ದಿಸ್ ಪ್ರೈಸ್. ಈ ಸಲ ಅಡ್ವಾನ್ಸ್ ಮಾತೇ ಬರಲಿಲ್ಲ. ಎಷ್ಟಕ್ಕೆ ಕೊಡ್ತಾರೆ ಕೇಳಿ ಅಂತ ಒಂದೇ ಸಾಲು ಬಂತು.