ಕ್ಲಬ್ ಮುಳುಗಿದ್ದು ಹೇಗೆ ಅಂತ ಹಳೇ ಲೆಕ್ಕ ತೆಗೆದು ನೋಡುವ ಬಗೆ

ಸೋತ ಮ್ಯಾಚಿನ ರಾತ್ರಿ ಈ ಕೆಲಸಕ್ಕೆ ಕೂರಬೇಡಿ. ಅವತ್ತು ಬಾಯಿಗೆ ಬರುವುದು ಬೈಗುಳ ಮಾತ್ರ. ಮಳೆಗಾಲ ಆದರೆ ಒಳ್ಳೆಯದು. ಜೂನ್-ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಲೀಗ್ ಇರುವುದಿಲ್ಲ, ನಮ್ಮ ಕಡೆ ಮೈದಾನದಲ್ಲಿ ಮೊಣಕಾಲುದ್ದ ನೀರು, ತೋಟಕ್ಕೆ ಔಷಧಿ ಹೊಡೆಯೋಣ ಅಂದರೂ ಮಳೆ ಹೊಳವಾಗುವುದಿಲ್ಲ. ಹಲಸಿನ ಹಪ್ಪಳ ಸುಟ್ಟುಕೊಂಡು ನಾಲ್ಕು ಜನ ಕೂರುವುದಕ್ಕೆ ಹೇಗೂ ಒಂದು ನೆಪ ಬೇಕು, ಅಲ್ವಾ?

ನಾವು ಸಾಗರದ ಕಡೆಯ ಆರು ಜನ, ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲೀಡ್ಸ್ ಯುನೈಟೆಡ್ಡಿನ ಅಭಿಮಾನಿಗಳು. ಮಲೆನಾಡಲ್ಲಿ ಕೂತು ಲೀಡ್ಸ್ ಯಾಕೆ ಅಂತ ಕೇಳುವವರಿಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. 2001ರಲ್ಲಿ ಕೇಬಲ್ ಇದ್ದ ಒಂದೇ ಮನೆಯಲ್ಲಿ ನಡುರಾತ್ರಿ ಸೇರಿ, ಆ ಹುಡುಗರು ಯುರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ಆಡುವುದನ್ನು ನೋಡಿದೆವು, ಅಷ್ಟೇ. ಸ್ಪೇನಿನ ವೆಲೆನ್ಸಿಯಾ ಮೂರು ಗೋಲು ಹೊಡೆದು ಮನೆಗೆ ಕಳಿಸಿತು. ಮೂರೇ ವರ್ಷಕ್ಕೆ, 2004ರಲ್ಲಿ, ಇಂಗ್ಲೆಂಡಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗಿನಿಂದ ಕೆಳಗೆ ಬಿದ್ದರು. 2007ರಲ್ಲಿ ಕ್ಲಬ್ ದಿವಾಳಿಯ ಬಾಗಿಲಿಗೆ ಬಂದು, ಹತ್ತು ಅಂಕ ಕಡಿತ ಆಗಿ, ಮೂರನೇ ದರ್ಜೆಗೆ ಇಳಿಯಿತು. ಮತ್ತೆ ಪ್ರೀಮಿಯರ್ ಲೀಗಿಗೆ ಬಂದಿದ್ದು 2020ರಲ್ಲಿ. ಆ ಹದಿನಾರು ವರ್ಷ ನಾವು ಬೈದಿದ್ದು ಜಾಸ್ತಿ, ಕಾರಣ ಹುಡುಕಿದ್ದು ಕಡಿಮೆ. ಬೈದು ಬೈದು ಸುಸ್ತಾದ ಮೇಲೆ ಒಂದು ಕ್ರಮ ಸಿಕ್ಕಿತು. ನಿಮ್ಮ ಕ್ಲಬ್ ಯಾವುದೇ ಇರಲಿ, ಊರಿನ ಸಂಘವೇ ಇರಲಿ, ಅದಕ್ಕೂ ಇದು ಆಗುತ್ತದೆ.

ಮೊದಲ ಕೆಲಸ: ಮೀನನ್ನು ಪಕ್ಕಕ್ಕೆ ಇಡಿ.

ಲೀಡ್ಸ್ ಕಥೆ ಗೊತ್ತಿರುವ ಯಾರನ್ನೇ ಕೇಳಿ, ಚಿನ್ನದ ಮೀನಿನ ಸುದ್ದಿ ಬಂದೇ ಬರುತ್ತದೆ. ಆಡಳಿತ ಮಂಡಳಿಯವರು ಕಚೇರಿಯಲ್ಲಿ ಬಾಡಿಗೆ ಮೀನು ಇಟ್ಟುಕೊಂಡಿದ್ದರು, ಅದಕ್ಕೆ ವರ್ಷಕ್ಕೆ 240 ಪೌಂಡ್ ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ನಾವೂ ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ನಕ್ಕಿದ್ದೇವೆ. ಆಮೇಲೆ ಒಂದು ದಿನ ನಮ್ಮಲ್ಲೊಬ್ಬ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು, ಮೊಬೈಲಿನಲ್ಲಿ ಭಾಗಿಸಿ ತೋರಿಸಿದ. ಕ್ಲಬ್ 2001ರಲ್ಲಿ ಎತ್ತಿದ ಸಾಲ 6 ಕೋಟಿ ಪೌಂಡ್. ಅದರ ಅಸಲಿನಲ್ಲೇ ಆ ಮೀನನ್ನು ಎರಡೂವರೆ ಲಕ್ಷ ವರ್ಷ ಸಾಕಬಹುದಿತ್ತು. ನಗು ನಿಂತಿತು.

ನಿಮ್ಮ ಕ್ಲಬ್ಬಲ್ಲೂ ಇಂಥದ್ದೊಂದು ಮೀನು ಇರುತ್ತದೆ. ಅಧ್ಯಕ್ಷರ ಕಾರು, ಕಾರ್ಯದರ್ಶಿಯ ದುಬೈ ಪ್ರವಾಸ, ಬಾವನಿಗೆ ಕೊಟ್ಟ ಕ್ಯಾಂಟೀನು. ಸುಳ್ಳು ಅಂತ ಹೇಳುತ್ತಿಲ್ಲ, ಅದೂ ತಪ್ಪೇ. ಆದರೆ ಅದು ನೆನಪಿನಲ್ಲಿ ಉಳಿಯುವುದು ತಮಾಷೆಯಾಗಿದೆ ಅಂತ, ದೊಡ್ಡದು ಅಂತ ಅಲ್ಲ. ಒಂದು ಚೀಟಿಯಲ್ಲಿ ಬರೆದು ಮಡಚಿ ಲೋಟದ ಕೆಳಗೆ ಇಡಿ. ಕೊನೆಗೆ ಬೇಕಾದರೆ ತೆಗೆದು ನಗಬಹುದು.

ಎರಡನೆಯದು ಒಂದು ದೊಡ್ಡ ಹಾಳೆ. ನಾವು ಹಳೇ ಕ್ಯಾಲೆಂಡರಿನ ಹಿಂಬದಿ ತೆಗೆದುಕೊಂಡೆವು. ನಡುವೆ ಒಂದು ಗೆರೆ. ಎಡಗಡೆ ತಾರೀಕು ಹಾಕಿ, ಆಡಳಿತ ಮಂಡಳಿ ಏನು ಮಾಡಿತು ಅಂತ ಬರೆಯಿರಿ. ಬಲಗಡೆ, ಅದೇ ತಾರೀಕಿನ ಎದುರು, ಆಗ ನೀವು ಏನು ಮಾಡುತ್ತಿದ್ದಿರಿ ಅಂತ ಬರೆಯಿರಿ. ಬಲಗಡೆಯದ್ದನ್ನು ಯಾರೂ ಬರೆಯುವುದಿಲ್ಲ. ಕಷ್ಟ ಇರುವುದೂ ಅಲ್ಲೇ.

ನಮ್ಮ ಹಾಳೆಯ ಮೊದಲ ಸಾಲು ಹೀಗಿದೆ. ಎಡಗಡೆ: ನವೆಂಬರ್ 2000, ರಿಯೋ ಫರ್ಡಿನೆಂಡ್ ಖರೀದಿ, 1 ಕೋಟಿ 80 ಲಕ್ಷ ಪೌಂಡ್. ಆಗ ಒಬ್ಬ ಡಿಫೆಂಡರಿಗೆ ಜಗತ್ತಿನಲ್ಲೇ ಯಾರೂ ಅಷ್ಟು ಕೊಟ್ಟಿರಲಿಲ್ಲ. ಬಲಗಡೆ, ನನ್ನ ಕೈಬರಹದಲ್ಲೇ: ಪೇಪರು ನೋಡಿ ಎಸ್‌ಟಿಡಿ ಬೂತಿಗೆ ಓಡಿ ಮೈಸೂರಿನ ಹಾಸ್ಟೆಲ್ಲಿಗೆ ಫೋನ್ ಮಾಡಿದೆ, ಖುಷಿಗೆ ಇಪ್ಪತ್ತೆಂಟು ರೂಪಾಯಿ ಬಿಲ್ ಆಯಿತು. ದುಡ್ಡು ಎಲ್ಲಿಂದ ಬಂತು ಅಂತ ಆ ಫೋನಿನಲ್ಲಿ ಒಬ್ಬರೂ ಕೇಳಲಿಲ್ಲ.

ಎರಡನೇ ಸಾಲು ಆ 6 ಕೋಟಿ ಪೌಂಡಿನ ಸಾಲದ್ದು. ಮುಂದೆ ಬರುವ ಟಿಕೆಟ್ ದುಡ್ಡಿನ ಮೇಲೆ ಎತ್ತಿದ ಸಾಲ, 25 ವರ್ಷದ ಕರಾರು. ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ವರ್ಷದ ಫಸಲನ್ನು ಮರದ ಮೇಲಿರುವಾಗಲೇ ಚೇಣಿಗೆ ಕೊಡುವುದು ಬೇರೆ, ಎಲ್ಲರೂ ಮಾಡುತ್ತಾರೆ. ಇನ್ನು 25 ವರ್ಷದ ಫಸಲನ್ನು ತೋರಿಸಿ ಮಂಡಿಯಲ್ಲಿ ದುಡ್ಡು ಎತ್ತಿ, ಆ ದುಡ್ಡಲ್ಲಿ ತೋಟಕ್ಕೆ ಗೊಬ್ಬರ ಹಾಕದೆ ಜೀಪು ತೆಗೆಯುವುದು ಬೇರೆ. ಕೊಳೆರೋಗ ಬಂದು ಫಸಲು ಹೋದ ವರ್ಷ ಕಂತು ಎಲ್ಲಿಂದ ಕಟ್ಟುತ್ತೀರಿ? ಲೀಡ್ಸಿಗೆ ಕೊಳೆ ಬಂತು. ಚಾಂಪಿಯನ್ಸ್ ಲೀಗಿನ ದುಡ್ಡು ಪ್ರತಿ ವರ್ಷ ಬರುತ್ತದೆ ಅಂತ ಲೆಕ್ಕ ಹಾಕಿದ್ದರು, ಎರಡು ವರ್ಷ ಸಾಲಾಗಿ ಆ ಜಾಗ ತಪ್ಪಿತು. ಆಮೇಲೆ ಒಬ್ಬೊಬ್ಬರನ್ನೇ ಮಾರಿದರು. 2002ರಲ್ಲಿ ಫರ್ಡಿನೆಂಡ್ ಬದ್ಧ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್ಡಿಗೇ ಹೋದ. 2004ರಲ್ಲಿ ತಮ್ಮದೇ ಎಲ್ಲಂಡ್ ರೋಡ್ ಮೈದಾನವನ್ನೇ ಮಾರಿ, ಅದೇ ಮೈದಾನಕ್ಕೆ ಬಾಡಿಗೆ ಕಟ್ಟಿಕೊಂಡು ಆಡಿದರು. ಸ್ವಂತ ತೋಟ ಮಾರಿ ಅದಕ್ಕೇ ಗೇಣಿ ಕೊಟ್ಟ ಹಾಗೆ. ಅದು ಮತ್ತೆ ಕ್ಲಬ್ಬಿನ ಕೈಗೆ ಬಂದಿದ್ದು 2017ರಲ್ಲಿ.

ಇಲ್ಲಿ ಇನ್ನೊಂದು ಕೆಲಸ ಇದೆ. ಗ್ರಹಚಾರ ಯಾವುದು, ತೀರ್ಮಾನ ಯಾವುದು ಅಂತ ಬೇರೆ ಮಾಡಿ. 2001ರಲ್ಲಿ ಲೀಡ್ಸ್ ನಾಲ್ಕನೇ ಜಾಗಕ್ಕೆ ನಿಂತಿತು. ಮೂರನೇ ಜಾಗ ಲಿವರ್‌ಪೂಲಿಗೆ, ಒಂದೇ ಒಂದು ಅಂಕದ ಅಂತರದಲ್ಲಿ. ಆಗ ಮೊದಲ ಮೂರು ತಂಡಗಳಿಗೆ ಮಾತ್ರ ಚಾಂಪಿಯನ್ಸ್ ಲೀಗ್. ಆ ಒಂದು ಅಂಕ ಗ್ರಹಚಾರ, ಅದಕ್ಕೆ ಯಾರನ್ನೂ ಬೈಯಬೇಡಿ. ಆ ಜಾಗ ತಪ್ಪಿದ ಮೇಲೂ ಸಾಲ ಎತ್ತಿದ್ದು ತೀರ್ಮಾನ. ಹಾಳೆಯಲ್ಲಿ ಗ್ರಹಚಾರಕ್ಕೆ ಒಂದು ಬಣ್ಣ, ತೀರ್ಮಾನಕ್ಕೆ ಇನ್ನೊಂದು ಬಣ್ಣ ಹಾಕಿ. ನಮ್ಮದರಲ್ಲಿ ಗ್ರಹಚಾರದ ಬಣ್ಣ ನಾವು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ ಇತ್ತು.

ಈಗ ಕಾಗದ ಪತ್ರ. ಇಂಗ್ಲೆಂಡಿನ ಕ್ಲಬ್ಬುಗಳು ಬಹುಪಾಲು ನೋಂದಾಯಿತ ಕಂಪನಿಗಳು. ಅಲ್ಲಿನ ಕಂಪನೀಸ್ ಹೌಸ್ ಎಂಬ ಸರ್ಕಾರಿ ಕಚೇರಿಯ ವೆಬ್‌ಸೈಟಿನಲ್ಲಿ ಅವುಗಳ ವಾರ್ಷಿಕ ಲೆಕ್ಕಪತ್ರ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಸಾಗರದಲ್ಲಿ ಕೂತೂ ನೋಡಬಹುದು, ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಒಟ್ಟಿಗೆ ಇದ್ದರೆ. ಅರವತ್ತು ಪುಟ ನೋಡಿ ಹೆದರಬೇಡಿ. ಎಲ್ಲ ಓದಬೇಕಾಗಿಲ್ಲ. ಮೊದಲು ಲೆಕ್ಕ ಸಲ್ಲಿಸಿದ ತಾರೀಕು ನೋಡಿ, ತಡ ಆಗಿದ್ದರೆ ಅಲ್ಲೇ ಒಂದು ಗುರುತು ಹಾಕಿ. ಆಮೇಲೆ ಆಡಿಟರು ಬರೆದ ಭಾಗ. ಅವರು ಯಾವತ್ತೂ ಕಿರುಚುವುದಿಲ್ಲ. ಕಂಪನಿ ಮುಂದೆಯೂ ನಡೆಯುತ್ತದೆಯೇ ಎಂಬ ಬಗ್ಗೆ ಸಂಶಯ ಇದೆ ಅಂತ ಮೆಲ್ಲಗೆ ಒಂದು ಪ್ಯಾರಾ ಬರೆದಿರುತ್ತಾರೆ, ಅದೇ ಅವರ ಕಿರುಚಾಟ. ಆಮೇಲೆ ಒಟ್ಟು ಆದಾಯ ಎಷ್ಟು, ಅದರಲ್ಲಿ ಸಂಬಳಕ್ಕೆ ಎಷ್ಟು. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಇಎಫ್‌ಎ ಈಗ ಆಟಗಾರರ ಸಂಬಳ, ಖರೀದಿ, ಏಜೆಂಟ್ ಖರ್ಚು ಎಲ್ಲ ಸೇರಿ ಆದಾಯದ 70 ಶೇಕಡ ದಾಟಬಾರದು ಅಂತ ಮಿತಿ ಹಾಕಿದೆ, ಅದನ್ನು ಅಳತೆಗೋಲು ಮಾಡಿಕೊಳ್ಳಿ. ಕೊನೆಗೆ ಅಡಮಾನದ ಪಟ್ಟಿ. ಯಾವ ಆಸ್ತಿ ಯಾರ ಹತ್ತಿರ ಒತ್ತೆ ಇದೆ ಅಂತ ಅಲ್ಲಿ ಬೇರೆಯಾಗಿಯೇ ಕೊಟ್ಟಿರುತ್ತಾರೆ. ನಾನಂತೂ ಈಗ ಮೊದಲು ಆ ಪಟ್ಟಿಯನ್ನೇ ತೆಗೆಯುತ್ತೇನೆ.

ಕ್ಲಬ್ ದಿವಾಳಿ ಆಗಿದ್ದರೆ ಇನ್ನೊಂದು ಕಾಗದ ಸಿಗುತ್ತದೆ: ಯಾರಿಗೆ ಎಷ್ಟು ಬಾಕಿ ಎಂಬ ಪಟ್ಟಿ. ದಯವಿಟ್ಟು ಅದನ್ನು ಪೂರ್ತಿ ಓದಿ. ಪೋರ್ಟ್ಸ್‌ಮತ್ ಕ್ಲಬ್ 2008ರಲ್ಲಿ ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದಿತು. ಫೈನಲಿನಲ್ಲಿ ಕಾರ್ಡಿಫ್ ವಿರುದ್ಧ ಕಾನು ಎಂಬ ಆಟಗಾರ ಒಂದು ಗೋಲು ಹೊಡೆದ. ಎರಡೇ ವರ್ಷದಲ್ಲಿ, ಫೆಬ್ರವರಿ 2010ರಲ್ಲಿ, ಪ್ರೀಮಿಯರ್ ಲೀಗಿನಲ್ಲಿ ಆಡುತ್ತಿರುವಾಗಲೇ ದಿವಾಳಿ ಪ್ರಕ್ರಿಯೆಗೆ ಹೋದ ಮೊದಲ ಕ್ಲಬ್ ಆಯಿತು. ಒಂಬತ್ತು ಅಂಕ ಹೋಯಿತು. ಅವರ ಬಾಕಿ ಪಟ್ಟಿಯಲ್ಲಿ ಮೈದಾನದಲ್ಲಿ ಪ್ರಥಮ ಚಿಕಿತ್ಸೆಗೆ ನಿಲ್ಲುವ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಯ ಹೆಸರೂ ಇತ್ತು. ಅಲ್ಲಿನ ಲೀಗಿನ ನಿಯಮದ ಪ್ರಕಾರ ಆಟಗಾರರಿಗೆ ಮತ್ತು ಬೇರೆ ಕ್ಲಬ್ಬುಗಳಿಗೆ ಬಾಕಿ ಪೂರ್ತಿ ತೀರಿಸಬೇಕು. ತೆರಿಗೆ ಇಲಾಖೆ, ಊರಿನ ಸಣ್ಣ ವ್ಯಾಪಾರಿಗಳು, ಸ್ವಯಂಸೇವಕರು, ಇವರಿಗೆಲ್ಲ ಆಗ ಸಿಗುತ್ತಿದ್ದುದು ಉಳಿದಿದ್ದರಲ್ಲಿ ಚೂರು ಪಾರು. ಕಪ್ ಗೆದ್ದ ದಿನದ ಫೋಟೋ ಮತ್ತು ಈ ಪಟ್ಟಿ ಎರಡನ್ನೂ ಅಕ್ಕಪಕ್ಕ ಇಟ್ಟು ಒಮ್ಮೆ ನೋಡಿ. ಆ ಊರಿನವರು ಮಾತ್ರ ಮೆಚ್ಚಬೇಕಾದವರು. ತಲಾ ಸಾವಿರ ಪೌಂಡಿನ ಷೇರು ಹಾಕಿ 2013ರಲ್ಲಿ ಅಭಿಮಾನಿಗಳೇ ಕ್ಲಬ್ಬನ್ನು ತೆಗೆದುಕೊಂಡರು, ನಾಲ್ಕು ವರ್ಷ ನಡೆಸಿ 2017ರಲ್ಲಿ ಹೊಸ ಮಾಲೀಕರಿಗೆ ಕೊಟ್ಟರು. ಇಂಗ್ಲೆಂಡಿನದೇ ಬರಿ (Bury) ಎಂಬ ಊರಿನ ಕ್ಲಬ್ಬಿಗೆ ಆ ಅದೃಷ್ಟ ಇರಲಿಲ್ಲ. 1885ರಲ್ಲಿ ಹುಟ್ಟಿದ್ದು, 2019ರ ಆಗಸ್ಟಿನಲ್ಲಿ ಲೀಗಿನಿಂದಲೇ ಹೊರಗೆ ಹಾಕಿದರು.

ನಮ್ಮ ದೇಶದ್ದೇ ಬೇಕು ಅನ್ನುವವರು 2022ರ ಆಗಸ್ಟ್ ತೆಗೆದುಕೊಳ್ಳಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಪದಾಧಿಕಾರಿಗಳ ಅವಧಿ 2020ರ ಡಿಸೆಂಬರಿನಲ್ಲೇ ಮುಗಿದಿತ್ತು, ಚುನಾವಣೆ ಮುಂದೆ ಹೋಗುತ್ತಲೇ ಇತ್ತು, ಸುಪ್ರೀಂ ಕೋರ್ಟ್ ಆಡಳಿತ ಸಮಿತಿ ನೇಮಿಸಿತು, ಕೊನೆಗೆ ಹೊರಗಿನವರ ಕೈವಾಡ ಅಂತ ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾ ಅಮಾನತು ಮಾಡಿತು. ಅದೇ ತಿಂಗಳು ಅಮಾನತು ತೆಗೆದರು, ನಿಜ. ಆದರೆ ಅಷ್ಟರಲ್ಲಿ ಗೋಕುಲಂ ಕೇರಳ ಕ್ಲಬ್ಬಿನ ಹೆಣ್ಣುಮಕ್ಕಳು ಏಷ್ಯಾ ಮಟ್ಟದ ಪಂದ್ಯಕ್ಕೆ ಅಂತ ಉಜ್ಬೇಕಿಸ್ತಾನಕ್ಕೆ ಹೋಗಿ ಇಳಿದಿದ್ದರು. ಆಡದೇ ವಾಪಸ್ ಬಂದರು. ಹಾಳೆಯಲ್ಲಿ ಪದಾಧಿಕಾರಿಗಳ ಅವಧಿ ಮುಗಿದ ತಾರೀಕನ್ನೂ ಬರೆಯಿರಿ ಅಂತ ಹೇಳುವುದು ಇದಕ್ಕೇ.

ಕೂತಾಗ ಒಂದೇ ಒಂದು ನಿಯಮ ಇಟ್ಟುಕೊಳ್ಳಿ. "ನಂಗೆ ಮೊದಲೇ ಗೊತ್ತಿತ್ತು" ಅಂದವರು ಅವತ್ತಿನ ಚಹಾದ ದುಡ್ಡು ಕೊಡಬೇಕು. ನಮ್ಮಲ್ಲಿ ಈ ನಿಯಮ ಬಂದ ಮೇಲೆ ಮೊದಲೇ ಗೊತ್ತಿದ್ದವರ ಸಂಖ್ಯೆ ಏಕದಂ ಇಳಿದು ಹೋಯಿತು. ಸಾಧ್ಯ ಆದರೆ ಒಬ್ಬ ಸಣ್ಣ ಹುಡುಗನನ್ನೂ ಕೂರಿಸಿಕೊಳ್ಳಿ, ಆ ಕಾಲ ನೋಡದವನನ್ನು. ನನ್ನ ಚಿಕ್ಕಪ್ಪನ ಮಗ ಹಾಳೆಯ ಬಲಗಡೆ ಓದಿ ಮುಗಿಸಿ, "ಅಣ್ಣಾ, ಮತ್ತೆ ನೀವೆಲ್ಲ ಯಾಕೆ ಕೇಳಲಿಲ್ಲ?" ಅಂದ. "ಗೆಲ್ತಾ ಇದ್ವಲ್ಲೋ ಮಾರಾಯ" ಅಂದೆ. ಹಪ್ಪಳ ಮುರಿಯುವ ಸದ್ದು ಬಿಟ್ಟರೆ ಸ್ವಲ್ಪ ಹೊತ್ತು ಬೇರೆ ಮಾತಿಲ್ಲ.

ಇಷ್ಟು ಕೈ ಪಳಗಿದ ಮೇಲೆ ಊರಿನ ಕ್ಲಬ್ಬಿಗೆ ಬನ್ನಿ. ನಮ್ಮೂರಲ್ಲೂ ಒಂದಿತ್ತು, ಹೆಸರು ಬೇಡ. ರಾತ್ರಿ ಟೂರ್ನಿ ಮಾಡಿ, ಲೈಟು, ಶಾಮಿಯಾನ, ಹೊರಗಿನ ಆಟಗಾರರಿಗೆ ಬಸ್ ಚಾರ್ಜು ಅಂತ ಕೈ ಸುಟ್ಟುಕೊಂಡು ಮಲಗಿದೆ. ಇಂಥ ಕ್ಲಬ್ಬುಗಳು ನೋಂದಣಿ ಆಗಿದ್ದರೆ ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುತ್ತವೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕ ಮತ್ತು ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿಗೆ ಕೊಡಬೇಕು. ಅದನ್ನು ನೋಡಿಕೊಳ್ಳುವುದು ಸಹಕಾರ ಇಲಾಖೆ. ಕೊಟ್ಟಿದ್ದಾರೋ ಇಲ್ಲವೋ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಒಳಗೆ. ಹಾಗಾಗಿ ಕಥೆ ಬರೆಯಬೇಡಿ, ಯಾವ ಯಾವ ವರ್ಷದ ಲೆಕ್ಕದ ಪ್ರತಿ ಬೇಕು ಅಂತ ಮಾತ್ರ ಬರೆಯಿರಿ.

ಅರ್ಜಿ ಹಾಕುವ ಮೊದಲು ಹಳೇ ಖಜಾಂಚಿ ಮನೆಗೆ ಒಮ್ಮೆ ಹೋಗಿ ಬನ್ನಿ. ನಾವು ಹೋದಾಗ ಮೇಷ್ಟ್ರು ಮೊದಲು ಸಿಟ್ಟಾದರು, ಆಮೇಲೆ ಕಾಫಿ ಕೊಟ್ಟರು, ಆಮೇಲೆ ಅಟ್ಟದಿಂದ ಒಂದು ಬಟ್ಟೆ ಚೀಲ ಇಳಿಸಿದರು. ಒಳಗೆ ಇನ್ನೂರು ಪುಟದ ನೋಟ್‌ಬುಕ್ಕು, ಗೆದ್ದಲು ಒಂದು ಮೂಲೆ ತಿಂದಿತ್ತು. ಊಟ, ಚೆಂಡು, ಸುಣ್ಣ, ರೆಫ್ರಿ, ಎಲ್ಲ ಅಚ್ಚುಕಟ್ಟು. ಕೊನೆಯ ಸಾಲಿನಲ್ಲಿ "ಇತರೆ" ಅಂತ 38,500 ರೂಪಾಯಿ. ಅದೇ ದೊಡ್ಡ ಮೊತ್ತ. "ಇದು ಎಂತದು ಮೇಷ್ಟ್ರೇ?" ಅಂದರೆ, "ಅಧ್ಯಕ್ರು ಬರ್ಕೊಳಿ ಅಂದ್ರು, ಬರ್ಕೊಂಡೆ ಮಾರಾಯ. ನೀವೆಲ್ಲ ಸಭೆಲಿ ಕೈ ಎತ್ತಿ ಪಾಸು ಮಾಡಿದ್ರಲ್ಲ" ಅಂದರು. ಹೌದು, ಮಾಡಿದ್ದೆವು. ಆ ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತು ಬೋಂಡ ತಿನ್ನುತ್ತಿದ್ದೆ. ಬಲಗಡೆ ಅದನ್ನೂ ಬರೆದೆ.

ನೋಟ್‌ಬುಕ್ಕಿನ ಹಿಂದೆ ಪಿನ್ ಹೊಡೆದ ಚೀಟಿಗಳಿರುತ್ತವೆ, ಒಂದೊಂದನ್ನೂ ಬಿಡಿಸಿ ನೋಡಿ. ನಮಗೆ ಸಿಕ್ಕಿದ್ದು ಶಾಮಿಯಾನದವರ ಬಿಲ್ಲು: 2,300 ರೂಪಾಯಿ, ಕೆಳಗೆ "ಬಾಕಿ". ಅವರು ತೀರಿಕೊಂಡು ಆರು ವರ್ಷ ಆಗಿತ್ತು, ಅಂಗಡಿಯಲ್ಲಿ ಮಗ ಇದ್ದ. ನಾವು ಕೈಯಿಂದ ಹಾಕಿ ತೆಗೆದುಕೊಂಡು ಹೋದೆವು. ಅವನು ಚೀಟಿಯಲ್ಲಿ ಅಪ್ಪನ ಕೈಬರಹ ನೋಡಿದ, ದುಡ್ಡು ಎರಡು ಸಲ ಎಣಿಸಿದ, ಹಿಂದೆ ಸಹಿ ಹಾಕಿ ಕೊಟ್ಟ. ಸಹಿ ತೆಗೆದುಕೊಳ್ಳುವುದನ್ನು ಮರೆಯಬೇಡಿ, ಅದು ಫೈಲಿಗೆ ಬೇಕು. ಹೊರಡುವಾಗ, "ಮತ್ತೆ ಟೂರ್ನಿ ಮಾಡ್ತೀರಾ?" ಅಂತ ಕೇಳಿದ. ನೋಡಬೇಕು ಅಂದೆವು.

"ಮಾಡಿ. ಆದ್ರೆ ಅಡ್ವಾನ್ಸ್ ಕೊಟ್ರೆ ಮಾತ್ರ ಗೂಟ ಹೊಡಿಯೋದು" ಅಂದ.